ಬಾಲ ತೋರಿಸು

ಮಗಳ ಕಿಂಡರ್‌ಗಾರ್ಟನ್ನಿಗೆ ಯಾರಾದರೊಬ್ಬ ಅಪ್ಪ ಬಂದು ಕತೆ ಓದಬೇಕೆಂಬ ಚೀಟಿಗೆ ಸುಧಾಮಣಿ ಗಂಡನ ಹೆಸರು ಬರೆದು ಕಳಿಸಿಬಿಟ್ಟಿದ್ದಳು. ಬೋರಲಿಂಗಯ್ಯನಿಗೆ ಅದು ಗೊತ್ತಾದದ್ದು ಕತೆ ಓದಬೇಕಾದ ದಿನವೇ ಬೆಳಿಗ್ಗೆ, ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿ ಕೆಂಪು ಟೈ ಕಟ್ಟಿಕೊಳ್ಳುತ್ತಿದ್ದಾಗ.

"ಹತ್ತೂವರೆಗೆ ಬಾಸ್ಕಿಂಗ್ ರಿಡ್ಜ್‌ನಲ್ಲಿ ಕ್ಲೈಂಟ್ ಮೀಟಿಂಗ್ ಕಣೇ! ಇನ್ನೊಂದ್ಸಲ ಲೇಟಾದ್ರೆ ಕಾಂಟ್ರಾಕ್ಟ್ ರಿನ್ಯೂ ಮಾಡಲ್ಲ ಅಂದಿದಾನೆ ಮ್ಯಾನೇಜರ್."

"ಹತ್ತು ನಿಮಿಷದ ಕತೆ ರೀ. ಓದಿ ಹೊರಟ್ಬಿಡಿ."

ತರಗತಿಯಲ್ಲಿ ಹದಿನೆಂಟು ಮಕ್ಕಳು ಜಮಖಾನದ ಮೇಲೆ ಕೂತಿದ್ದವು. ಜಮಖಾನ ಕಂಡದ್ದೇ ಊರಿನ ಅಭ್ಯಾಸದಂತೆ ಬೋರಲಿಂಗಯ್ಯ ಶೂ ಬಿಚ್ಚಿದ, ಕೋಟು ತೆಗೆದಿಟ್ಟ. "ವೆಲ್ಕಮ್, ಮಿಸ್ಟರ್ ಬೋರ್!" ಎಂದು ಟೀಚರ್ ಮಿಸೆಸ್ ಹಾರ್ಪರ್ ಪುಸ್ತಕವೊಂದನ್ನು ಅವನ ಕೈಗಿತ್ತು, ಕೋಣೆಯ ಹಿಂಬದಿಗೆ ಹೋಗಿ ಕೂತರು.

ಅದೊಂದು ಹಳೆಯ ಇಂಗ್ಲಿಷ್ ಕತೆ. ನರಿಯೊಂದು ವೇಷ ಹಾಕಿಕೊಂಡು ಮೂರು ದಿನ ಕೋಳಿಯ ಬಾಗಿಲು ತಟ್ಟುತ್ತದೆ. ಕೋಳಿ ಪ್ರತಿಸಲ ಒಳಗಿನಿಂದ, "ಹೆಸರು ಹೇಳು, ಊರು ಹೇಳು, ಬಾಲ ತೋರಿಸು" ಅನ್ನುತ್ತದೆ. ಒಂದೇ ಮಾತನ್ನು ಮೂರು ಸಲ ಓದುವುದು ಯಾವ ಪ್ರೋಗ್ರಾಮರ್‌ಗೆ ಸಹ್ಯವಾದೀತು? "ಎರಡನೇ ದಿನವೂ ಹೀಗೇ ಆಯಿತು" ಎಂದು ಇಂಗ್ಲಿಷಿನಲ್ಲಿ ಹೇಳಿ ನಾಲ್ಕು ಪುಟ ಒಟ್ಟಿಗೇ ಮಗುಚಿದ.

ತರಗತಿ ಸಂತೆಯಾಯಿತು. "ನೋ! ಯೂ ಸ್ಕಿಪ್ಡ್!" ಎಲ್ಲರಿಗಿಂತ ಜೋರಾಗಿ ಕಿರುಚಿದವಳು ಅವನ ಮಗಳು ಅರ್ಪಿತಾ. ಹಿಂದಕ್ಕೆ ತಿರುವಿ ಓದಿದ. ಮುಗಿಯುತ್ತಲೇ "ಅಗೇನ್!" ಅಂದವು. ಮತ್ತೆ ಓದಿದ. ಮತ್ತೆ "ಅಗೇನ್!"

ಗಡಿಯಾರ ಒಂಬತ್ತೂಮುಕ್ಕಾಲು ತೋರಿಸುತ್ತಿತ್ತು. ಬೋರಲಿಂಗಯ್ಯ ನರಿಯಿಂದಲೇ ಪಾಠ ಕಲಿತ. "ಕಣ್ಣು ಮುಚ್ಚಿ ನೂರರವರೆಗೆ ಎಣಿಸಿ, ನಿಜವಾದ ನರಿ ಬರುತ್ತೆ" ಎಂದು ನಂಬಿಸಿ, ಹಾಲು ಕದ್ದ ಬೆಕ್ಕಿನಂತೆ ಹಿಂಬಾಗಿಲಿನಿಂದ ಜಾರಿಕೊಂಡ. ಬಾಗಿಲು ತಾನಾಗಿಯೇ ಲಾಕ್ ಆಯಿತು. ಅಂಗಾಲಿಗೆ ಫೆಬ್ರವರಿಯ ಹಿಮ ತಗುಲಿದಾಗಲೇ ಶೂ ನೆನಪಾದದ್ದು. ಆಮೇಲೆ ಕೋಟು. ಕಾರಿನ ಕೀ ಇದ್ದದ್ದು ಕೋಟಿನಲ್ಲಿ.

ಬಾಗಿಲು ಬಡಿದ.

"ಟೆಲ್ ಯುವರ್ ನೇಮ್!" ಹದಿನೆಂಟು ಗಂಟಲು ಒಟ್ಟಿಗೇ ಕೂಗಿದವು.

"ಬೋರಲಿಂಗಯ್ಯ!"

"ಟೆಲ್ ಯುವರ್ ಟೌನ್!"

"ಪ್ಲೇನ್ಸ್‌ಬರೋ! ಮುಂಚೆ ಮದ್ದೂರು! ಪುಟ್ಟೀ, ಬಾಗ್ಲು ತೆಗಿಯಮ್ಮ!"

ಗಾಜಿನಾಚೆ ಅರ್ಪಿತಾ ಅವನನ್ನು ಅನುಮಾನದಿಂದ ನೋಡಿದಳು. "ನೋ! ದಟ್ಸ್ ವಾಟ್ ಫಾಕ್ಸಸ್ ಸೇ!"

ಬೇಡಿಕೊಳ್ಳಲು ಬಗ್ಗಿದಾಗ ಕೆಂಪು ಟೈ ಗಾಜಿನ ಮೇಲೆ ಜೋತಾಡಿತು. "ಟೇಲ್! ಟೇಲ್!" ಎಂದು ಚೀರಿ ಮಕ್ಕಳು ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟವು. ಮಿಸೆಸ್ ಹಾರ್ಪರ್ ಮಾತ್ರ ಗೋಡೆಯ ಫೋನಿನಲ್ಲಿ ಯಾರೊಂದಿಗೋ ನಗುನಗುತ್ತ ಮಾತಾಡುತ್ತಿದ್ದರು.

ಕೊನೆಗೂ ಅವರೇ ಬಂದು ಬಾಗಿಲು ತೆಗೆದು ಅವನ ಕೈ ಹಿಡಿದು ಕುಲುಕಿದರು. ಇಪ್ಪತ್ತು ವರ್ಷದಲ್ಲಿ ಇಂಥ ಅಭಿನಯ ಕಂಡಿಲ್ಲವಂತೆ. ಉಳಿದ ಮೂರು ಸೆಕ್ಷನ್ನಿನ ಮಕ್ಕಳೂ ಕತೆ ಕೇಳಲು ಆಗಲೇ ಕಾರಿಡಾರಿನಲ್ಲಿ ಸಾಲಾಗಿ ನಿಂತಿದ್ದವು.

"ಸಾರಿ ಮೇಡಂ, ನನ್ನ ಮೀಟಿಂಗು..."

ಅದರ ಚಿಂತೆ ಬೇಡ ಎಂದರು ಮಿಸೆಸ್ ಹಾರ್ಪರ್. ಸ್ಕೂಲಿನ ಫಾರ್ಮಿನಲ್ಲಿ ಆಫೀಸಿನ ನಂಬರ್ ಇತ್ತಲ್ಲ, ಅವರೇ ಫೋನ್ ಮಾಡಿ, ಮಧ್ಯಾಹ್ನದವರೆಗೆ ಇವರು ನಮಗೆ ಬೇಕು ಎಂದು ಕೇಳಿದರಂತೆ.

"ಎಂಥ ಒಳ್ಳೆಯ ಮನುಷ್ಯ ನಿಮ್ಮ ಮ್ಯಾನೇಜರು! 'ಮಧ್ಯಾಹ್ನದವರೆಗೆ ಯಾಕೆ, ಪೂರ್ತಿಯಾಗಿ ನೀವೇ ಇಟ್ಟುಕೊಳ್ಳಿ' ಅಂದರು."

ಬೋರಲಿಂಗಯ್ಯ ಒದ್ದೆ ಸಾಕ್ಸಿನಲ್ಲೇ ಜಮಖಾನದ ಮೇಲೆ ಕುಸಿದು ಕೂತು, ಪುಸ್ತಕದ ಮೊದಲ ಪುಟ ತೆರೆದ.