ಏಳು ಗಂಟೆಯ ಹುಡುಗಿ

ಮೂಡಲಗಿ ಸುತ್ತಮುತ್ತ ಕೇಬಲ್ ಎಳೆಯುವ, ಟಿವಿ ರಿಪೇರಿ ಮಾಡುವ ಕೆಲಸ ನನ್ನದು. ವೈರು ನನ್ನ ಕೈಯಲ್ಲಿದೆ ಎಂದಮೇಲೆ ಕಥೆಯೂ ನನ್ನ ಕೈಯಲ್ಲೇ ಇದೆ ಎಂದು ಜನ ನಂಬಿಬಿಟ್ಟಿದ್ದಾರೆ. ಹಾಗಾಗಿ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ. ಅದರಲ್ಲೂ ಸಂಜೆ ಏಳರ ಧಾರಾವಾಹಿ ಶುರುವಾದ ಮೇಲೆ ನನಗೆ ನೆಮ್ಮದಿ ಎಂಬುದೇ ಇಲ್ಲ. ಅದರಲ್ಲಿ ಒಬ್ಬ ಹುಡುಗಿ, ಅವಳನ್ನು ಗೋಳು ಹೊಯ್ದುಕೊಳ್ಳುವ ಮಲತಾಯಿ, ಅವಳನ್ನು ಮದುವೆಯಾಗಲು ಕಾದು ನಿಂತ ಡಾಕ್ಟರ್. ಈ ಮೂವರ ಮಧ್ಯೆ ನನ್ನ ಮದುವೆಯೂ ಸಿಕ್ಕಿಕೊಂಡಿತು.

ಚಿತ್ರ ಬರುತ್ತದೆ, ಅದೇ ತೊಂದರೆ

ಕಲ್ಲೋಳಿಯಿಂದ ಒಬ್ಬ ಅಜ್ಜಿ ಫೋನ್ ಮಾಡಿದರು. "ಟಿವಿ ಕೆಟ್ಟೈತಿ, ಲಗೂ ಬಾ." ಬೈಕ್ ಹೊಡೆದುಕೊಂಡು ಹೋದೆ. ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿತ್ತು.

"ಚೊಲೋ ಬರಾಕತ್ತೈತಲ್ಲ ಅಜ್ಜಿ?"

"ಬರತೈತೋ ಮಾರಾಯ. ಆ ಮಲತಾಯಿನೂ ಬರತಾಳಲ್ಲ! ಅಕಿ ಒಬ್ಬಾಕಿನ್ನ ತಗದು ಉಳಿದವರನ್ನ ಬಿಡು."

ಅದು ಆಗದ ಕೆಲಸ ಎಂದು ಹೇಳಿ, ರಿಮೋಟಿನಲ್ಲಿ ದನಿ ಬಂದ್ ಮಾಡುವ ಗುಂಡಿ ತೋರಿಸಿ ತಪ್ಪಿಸಿಕೊಂಡೆ. ತಿಂಗಳು ಬಿಟ್ಟು ಹೋದರೆ ಓಣಿಯ ಹೆಂಗಸರೆಲ್ಲ ಅಲ್ಲೇ ಕೂತಿದ್ದರು. ತೆರೆಯ ಮೇಲೆ ಮಲತಾಯಿ ಕಣ್ಣು ಕೆಂಪಗೆ ಮಾಡಿ ಬಾಯಿ ತೆರೆದಳು. ಅಜ್ಜಿ ಗಪ್ಪನೆ ದನಿ ಬಂದ್ ಮಾಡಿ ಅವಳ ಬಾಯಿಗೆ ತಾವೇ ಮಾತು ಹಚ್ಚಿದರು: "ನಂದ ತಪ್ಪಾತವ್ವಾ, ಬಾ, ಬಿಸಿ ರೊಟ್ಟಿ ಉಣ್ಣು."

ಓಣಿಯವರು ಒಂದು ದಿನವೂ ಮೂಲ ಮಾತು ಬೇಕು ಅನ್ನಲಿಲ್ಲ.

ಪಲ್ಯವಿಲ್ಲದ ಊಟ

ತುಕ್ಕಾನಟ್ಟಿಯಲ್ಲಿ ಹೆಂಗಸರ ವಾಟ್ಸಾಪ್ ಗುಂಪೊಂದಿದೆ. ಮುಂದಿನ ಕಥೆ ಏನಾಗಬೇಕು ಎಂದು ಅವರೇ ಗೊತ್ತು ಮಾಡುತ್ತಾರೆ. ಹುಡುಗಿ ಡಾಕ್ಟರನ್ನು ಬಿಟ್ಟು, ಎರಡೇ ದಿನ ಬಂದುಹೋದ ಟ್ರ್ಯಾಕ್ಟರ್ ಡ್ರೈವರನ್ನು ಕಟ್ಟಿಕೊಳ್ಳಬೇಕು ಎಂದು ಅಲ್ಲಿ ಠರಾವು ಪಾಸಾಗಿತ್ತು.

ಒಂದು ದಿನ ಆ ಗುಂಪು ನಡೆಸುವಾಕೆಯ ಗಂಡ ನನ್ನನ್ನು ದಾರಿಯಲ್ಲಿ ಅಡ್ಡಗಟ್ಟಿದ. "ವೈರೆಲ್ಲಾ ನಿನ್ನ ಕೈಯಾಗ ಅದಾವಲ್ಲ, ನನ್ನನ್ನೂ ಆ ಗುಂಪಿನ್ಯಾಗ ಹಾಕಪಾ."

"ಯಾಕ್ರಿ ಕಾಕಾ, ಧಾರಾವಾಹಿ ಹುಚ್ಚು ಹತ್ತೇತೇನ್ರಿ?"

"ಡಾಕ್ಟರ್ ಚೊಲೋ ಹುಡುಗ ಅಂತ ಬಾಯಿ ತಪ್ಪಿ ಅಂದ್ನಿ. ನಾಕ ದಿನ ಆತು, ಬರೇ ರೊಟ್ಟಿ ಹಾಕಾಕತ್ತಾಳ. ಪಲ್ಯಾ ಕೇಳಿದ್ರ 'ನಿಮ್ಮ ಡಾಕ್ಟರ್ ಮನಿಗೆ ಉಣ್ಣಾಕ ಹೋಗ್ರಿ' ಅಂತಾಳ. ಡ್ರೈವರ್‌ಗೆ ಓಟು ಹಾಕಿ ಬರತೇನಿ."

ಹಿರೇಕಿ

ನನಗೆ ಮೂವತ್ನಾಲ್ಕು ಆಯಿತು. ಹುಕ್ಕೇರಿಯಲ್ಲಿ ಒಂದು ಹೆಣ್ಣು ನೋಡಲು ಹೋದೆವು. ಹುಡುಗಿ ನನಗೆ ಭಾಳ ಹಿಡಿಸಿದಳು, ಇದರಲ್ಲಿ ಮುಚ್ಚುಮರೆ ಏನಿಲ್ಲ. ಅವಳೂ ತಲೆ ಎತ್ತಿ ನನ್ನ ನೋಡಿ ನಕ್ಕಳು. ಅವಲಕ್ಕಿ, ಚಹಾ ಎಲ್ಲ ಆಗಿ ನಮ್ಮವ್ವ "ಹಂಗಾದ್ರ ನಿಶ್ಚಯ ಮಾಡೂಣ್ರಿ" ಅಂದಳು.

ಆ ಮನೆಯಲ್ಲಿ ನಡೆಯುವುದು ಹುಡುಗಿಯ ಅಜ್ಜಿಯ ಮಾತು. ಅವರು ಕೈ ಅಡ್ಡ ಹಿಡಿದರು. "ತಡೀರಿ. ಹಿರೇಕಿದು ಆಗದ ಸಣ್ಣಾಕಿದು ಹ್ಯಾಂಗ ಮಾಡಾಕ ಬರತೈತಿ?"

ನಮಗೆ ಗಾಬರಿ. ಒಬ್ಬಳೇ ಮಗಳು ಎಂದು ಕೇಳಿ ಬಂದಿದ್ದೆವು. "ಹಿರೇಕಿ ಯಾರ್ರಿ?"

ಅಜ್ಜಿ ಟಿವಿ ಕಡೆ ಬೆರಳು ತೋರಿಸಿದರು. ಅದೇ ಏಳು ಗಂಟೆಯ ಹುಡುಗಿ! "ಮೂರು ವರ್ಷ ಆತು, ದಿನಾ ನಮ್ಮ ಮನಿಗೆ ಬಂದು ಅತ್ತು ಹೋಗತಾಳ. ಅಕಿ ಕುತಗಿಗೆ ತಾಳಿ ಬೀಳೂತನ ಈ ಮನ್ಯಾಗ ಮದುವಿ ಇಲ್ಲ." ಮನೆಯಲ್ಲಿ ಒಬ್ಬರೂ ನಗಲಿಲ್ಲ. ಎಲ್ಲರೂ ಹೌದೆಂದು ಗೋಣು ಹಾಕಿದರು.

ಅವತ್ತಿನಿಂದ ನಾನೂ ಏಳಕ್ಕೆ ಟಿವಿ ಮುಂದೆ. ಡಾಕ್ಟರ್ ತಾಳಿ ಎತ್ತಿದಾಗೊಮ್ಮೆ ಪೊಲೀಸರು ಬಂದರು, ಇನ್ನೊಮ್ಮೆ ಕಳೆದುಹೋದ ತಮ್ಮ ಬಂದ, ಮತ್ತೊಮ್ಮೆ ಮಲತಾಯಿ ಮೂರ್ಛೆ ಬಿದ್ದಳು. ತಾಳಿ ಹಿಡಿದ ಕೈ ಹದಿನೈದು ದಿನ ಗಾಳಿಯಲ್ಲೇ ಇತ್ತು. "ಅವನ ಕೈ ಸೋತಾವೋ, ಯಾರರ ಹಿಡಕೋರ‍್ರೋ" ಎಂದು ನಮ್ಮವ್ವ ಮರುಗಿದಳು.

ಕಡೆಗೊಂದು ಸಂಜೆ ಕಟ್ಟಿಯೇಬಿಟ್ಟ. ನಾನು ಮಾಳಿಗೆ ಏರಿ ಪಟಾಕಿ ಸರ ಹಚ್ಚಿದೆ. ಮರುದಿನ ಪೇಢೆ ಕಟ್ಟಿಸಿಕೊಂಡು ಮೊದಲ ಬಸ್ಸಿಗೇ ಹುಕ್ಕೇರಿಗೆ ಹೋದೆ. ಟಿವಿಯ ಹಿರೇಕಿಯನ್ನು ಗಂಡನ ಮನೆಗೆ ಕಳಿಸಿ ಅತ್ತು ಅತ್ತು ಅಜ್ಜಿಯ ಕಣ್ಣು ಬಾತಿದ್ದವು. ಬಾಗಿಲ ಹಿಂದೆ ನನ್ನ ಹುಡುಗಿ ಕಿವಿಗೊಟ್ಟು ನಿಂತಿದ್ದಳು.

"ಅಜ್ಜಿ, ಹಿರೇಕಿ ಮದುವಿ ಆತಲ್ರಿ. ಇನ್ನ ನಮ್ಮದು?"

ಅಜ್ಜಿ ಪೇಢೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ನುಂಗಿದರು.

"ಆತು ಖರೆ. ಆದ್ರ ಒಂದ ಮನ್ಯಾಗ ಒಂದ ವರ್ಷದಾಗ ಎರಡು ಮದುವಿ ಮಾಡಬಾರದಪಾ."