ಸದರಿ ಮಗುವಿನ ತಂದೆ

ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿ ಕಾಗದ ಬರೆದವನಿಗೆ ಬರುವ ಕಾಯಿಲೆಗಳು ಹಲವು. ಬೆನ್ನುನೋವು, ಕಡತದ ದೂಳಿನ ಕೆಮ್ಮು, ಸಂಜೆ ಐದೂವರೆಗೆ ತಾನಾಗಿಯೇ ಮೇಲೇಳುವ ಕಾಲು, ಇವು ಎಲ್ಲರಿಗೂ ಗೊತ್ತಿರುವಂಥವು. ಯಾವ ಡಾಕ್ಟರೂ ಹೆಸರಿಡದ ಇನ್ನೊಂದು ಕಾಯಿಲೆಯಿದೆ. ಅದು ‘ನಾನು’ ಎಂಬ ಮಾತು ಮರೆತುಹೋಗುವುದು. ಸರ್ಕಾರಿ ಪತ್ರದಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ಮಾಡಲ್ಪಡುತ್ತದೆ. ಕೋರಲಾಗಿದೆ, ಪರಿಶೀಲಿಸಲಾಗಿದೆ, ತಿರಸ್ಕರಿಸಲಾಗಿದೆ. ಮದುವೆಯಾದ ಹೊಸತರಲ್ಲಿ ರಾಮಗಿರಿಯ ತವರಿಗೆ ಹೋಗಿದ್ದ ಹೆಂಡತಿ ಗಿರಿಜಾಗೆ ನಾನು ಬರೆದ ಮೊದಲ ಪ್ರೇಮಪತ್ರದಲ್ಲೂ ‘ತಾವು ಶೀಘ್ರವಾಗಿ ಹಿಂತಿರುಗುವಂತೆ ಕೋರಲಾಗಿದೆ’ ಎಂದೇ ಇತ್ತು. ‘ಕೋರಿದ್ದು ಯಾರು ಅಂತ ತಿಳಿಸಿದರೆ ಬರುತ್ತೇನೆ’ ಎಂದು ಅವಳು ಕಾರ್ಡು ಬರೆದಳು. ಆ ಕಾರ್ಡನ್ನು ನಾನು ತಮಾಷೆ ಎಂದುಕೊಂಡು ನಕ್ಕು ಸುಮ್ಮನಾಗಿಬಿಟ್ಟೆ. ಆಗಲೇ ಔಷಧಿ ಮಾಡಬೇಕಿತ್ತು.

ಈಗ ಹೇಳಹೊರಟಿರುವುದು ಎರಡು ಸಾವಿರದ ಆರೋ ಏಳೋ ಇಸವಿಯ ಮಾತು. ನಾವಿದ್ದದ್ದು ಹೊಳಲ್ಕೆರೆಯಲ್ಲಿ. ನಮ್ಮ ಒಬ್ಬಳೇ ಮಗಳು ನಿವೇದಿತಾಗೆ ಆಗ ಆರು ವರ್ಷ. ಮನೆಯಲ್ಲಿ ನಿವಿ. ನಿವಿ ಮಾತಾಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಬಾಗಿಲಲ್ಲಿ ಯಾರೇ ಚಪ್ಪಲಿ ಬಿಟ್ಟರೂ ಓಡಿಬಂದು ದೊಡ್ಡದರಿಂದ ಚಿಕ್ಕದರವರೆಗೆ ಅಳತೆಗೆ ಸರಿಯಾಗಿ ಜೋಡಿಸಿಡುತ್ತಿದ್ದಳು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಅರ್ಧ ಗಂಟೆ ಅಳುತ್ತಿದ್ದಳು, ಹಾಗಾಗಿ ಕುಕ್ಕರು ಎರಡು ವರ್ಷದಿಂದ ಅಟ್ಟದ ಮೇಲಿತ್ತು. ನಾವು ಪಾತ್ರೆಯಲ್ಲಿ ಬೇಯಿಸಿದ, ಅರ್ಧ ಬೆಂದ ಬೇಳೆಯ ಸಾರನ್ನು ಉಣ್ಣುತ್ತಿದ್ದೆವು. ಊರಿನವರಿಗೆ ಸಲಹೆಗಳಿಗೇನು ಬರ? ಬಜೆ ತೇಯ್ದು ನಾಲಿಗೆಗೆ ಹಚ್ಚಿರಿ ಎಂದವರೆಷ್ಟೋ. ‘ನಮ್ ಮಾವ ಏಳು ವರ್ಷಕ್ಕೆ ಬಾಯಿ ಬಿಟ್ಟಿದ್ದು, ಈಗ ಮುಚ್ಸೋಕೆ ಆಗಂಗಿಲ್ಲ’ ಎಂದು ಸಮಾಧಾನ ಹೇಳಿದವರೂ ಇದ್ದರು. ಕೊನೆಗೆ ದಾವಣಗೆರೆಯ ಡಾಕ್ಟರೊಬ್ಬರು ಇದಕ್ಕೆ ಆಟಿಸಂ ಎನ್ನುತ್ತಾರೆ, ಇದು ಜ್ವರದಂತೆ ಬಂದುಹೋಗುವುದಲ್ಲ, ಮಗು ಇರುವ ರೀತಿಯೇ ಹಾಗೆ, ಕಲಿಸಿದರೆ ಅವಳದೇ ದಾರಿಯಲ್ಲಿ ಕಲಿಯುತ್ತಾಳೆ ಎಂದರು. ಇಂಥ ಮಕ್ಕಳ ಅಪ್ಪ ಅಮ್ಮಂದಿರೇ ಸೇರಿ ಇಂಟರ್‌ನೆಟ್ಟಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆಂದು ಹೇಳಿ, ಚೀಟಿಯ ಹಿಂದೆ ಅದರ ವಿಳಾಸ ಬರೆದುಕೊಟ್ಟರು. ಔಷಧಿ ಬರೆಯುವ ಜಾಗದಲ್ಲಿ ಏನೂ ಇರಲಿಲ್ಲ.

ನಮ್ಮೂರಿನಲ್ಲಿ ಇಂಟರ್‌ನೆಟ್ ಎಂದರೆ ನಸ್ರೀನ್. ಅವಳ ತಂದೆ ಬಸ್ ನಿಲ್ದಾಣದ ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು, ನಾನು ನೌಕರಿಗೆ ಬೇಕಾದ ಟೈಪಿಂಗ್ ಕಲಿತದ್ದು ಅವರಲ್ಲೇ. ಅವರು ಹೋದಮೇಲೆ ಮಗಳು ಟೈಪ್‌ರೈಟರುಗಳನ್ನು ಗೋಡೆಗೆ ಸರಿಸಿ ಎರಡು ಕಂಪ್ಯೂಟರ್ ತಂದಿಟ್ಟಿದ್ದಳು. ನನಗೆ ಕಂಪ್ಯೂಟರ್ ಎಂದರೆ ಭಯ. ಆದ್ದರಿಂದ ನಾನು ಹೇಳುವುದು, ನಸ್ರೀನ್ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುವುದು ಎಂದಾಯಿತು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ.

‘ಮಾನ್ಯರೇ. ವಿಷಯ: ಹೆಣ್ಣು ಮಗುವೊಂದು ಮಾತನಾಡದಿರುವ ಬಗ್ಗೆ. ಉಲ್ಲೇಖ: ದಾವಣಗೆರೆ ವೈದ್ಯರ ಮೌಖಿಕ ಸೂಚನೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಮಗುವಿಗೆ ಆರು ವರ್ಷ ತುಂಬಿದ್ದು, ಚಪ್ಪಲಿಗಳನ್ನು ಅಳತೆಗನುಗುಣವಾಗಿ ಜೋಡಿಸುತ್ತದೆ. ಕುಕ್ಕರಿಗೆ ಹೆದರುತ್ತದೆ. ಸೂಕ್ತ ಮಾರ್ಗದರ್ಶನ ನೀಡುವಂತೆ ಕೋರಲಾಗಿದೆ.’

‘ಮಗು ಯಾರ್ದು ಅಂತ ಹಾಕ್ಬೇಕಲ್ಲಣ್ಣ’ ಎಂದಳು ನಸ್ರೀನ್.

ಹಾಕಲೇಬೇಕು. ಹೆಸರಿಲ್ಲದ ಅರ್ಜಿ ನಮ್ಮ ಕಚೇರಿಗೆ ಬಂದರೆ ಓದದೆ ಕಡತಕ್ಕೆ ಸೇರಿಸಿಬಿಡುತ್ತೇವೆ, ಆ ನಿಯಮ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಯಿ ತೆರೆದೆ. ‘ನನ್ನ’ ಎಂಬ ಮಾತು ಬರಲಿಲ್ಲ. ‘ನಮ್ಮ ಸಹೋದ್ಯೋಗಿ ಶ್ರೀ ತಿಪ್ಪೇಸ್ವಾಮಿ, ಹೊಳಲ್ಕೆರೆ, ಇವರ ಮಗಳು’ ಎಂದುಬಿಟ್ಟೆ. ತಿಪ್ಪೇಸ್ವಾಮಿ ನನ್ನ ಎದುರು ಮೇಜಿನವನು, ದಿನಾ ಬೆಳಗ್ಗೆಯಿಂದ ಸಂಜೆಯವರೆಗೆ ಕಣ್ಣೆದುರಿಗಿರುವ ಹೆಸರು. ಬಾಯಿಗೆ ಅದೇ ಬಂತು. ನಿವಿಯನ್ನು ಎತ್ತಿ ಆಡಿಸಿದ್ದ ನಸ್ರೀನಳ ಬೆರಳುಗಳು ಒಂದು ಗಳಿಗೆ ನಿಂತವು. ನನ್ನ ಮುಖ ನೋಡಿದಳು. ‘ನೀವು ಹೇಳಿದ್ದು ಹೊಡಿಯೋದಷ್ಟೇ ನನ್ ಕೆಲ್ಸ’ ಎಂದು ಹೊಡೆದಳು.

ಮಗಳ ಬಗ್ಗೆ ನನಗೆ ನಾಚಿಕೆಯಿತ್ತೇ ಎಂದು ನೀವು ಕೇಳಬಹುದು. ಇರಲಿಲ್ಲ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನನಗೆ ಸಹಿಸಲಾಗದೇ ಇದ್ದದ್ದು ‘ಪಾಪ’ ಎಂಬ ಮಾತು. ಯಾರ ಮನೆಯ ಕಾರ್ಯಕ್ಕೆ ಹೋದರೂ ಊಟದ ಎಲೆಯ ಮುಂದೆ ಯಾರಾದರೂ ನಿವಿಯನ್ನು ನೋಡಿ ‘ಪಾಪ’ ಎನ್ನುತ್ತಿದ್ದರು, ನನಗೆ ಅನ್ನ ಇಳಿಯುತ್ತಿರಲಿಲ್ಲ. ಹಾಗಾಗಿ ಎಲ್ಲಿಗೂ ಹೋಗುವುದನ್ನೇ ಬಿಟ್ಟೆವು. ಬಿಟ್ಟೆವು ಎನ್ನುವುದೂ ಸುಳ್ಳು. ನಾನು ಹೋಗಿ ಉಂಡು ಬರುತ್ತಿದ್ದೆ, ಗಿರಿಜಾ ಮಗಳೊಂದಿಗೆ ಮನೆಯಲ್ಲಿರುತ್ತಿದ್ದಳು. ಕೇಳಿದವರಿಗೆ ನಾನು ‘ಅವಳಿಗೆ ಜ್ವರ’ ಎನ್ನುತ್ತಿದ್ದೆ. ಎರಡು ವರ್ಷ ಬಿಡದ ಜ್ವರ ಯಾವುದೆಂದು ಯಾರೂ ವಿಚಾರಿಸಲಿಲ್ಲ.

ಮೂರು ನೆನಪೋಲೆ ಹೋದರೂ ಉತ್ತರ ಬಾರದ ಪ್ರಪಂಚದಲ್ಲಿ ಬದುಕಿದವನು ನಾನು. ಇಲ್ಲಿ ಮರುದಿನವೇ ಉತ್ತರಗಳು ಬಂದಿದ್ದವು. ನಸ್ರೀನ್ ಓದಿ ಹೇಳಿದಳು, ಇಂಗ್ಲಿಷಿನವನ್ನು ಕನ್ನಡ ಮಾಡಿ ಹೇಳಿದಳು. ಒಬ್ಬರ ಮಗ ಕ್ಷೌರಕ್ಕೆ ಕೂರುವುದಿಲ್ಲ, ಒಬ್ಬರ ಮಗಳು ಬಿಳಿ ಬಣ್ಣದ ಊಟ ಮಾತ್ರ ಮಾಡುತ್ತಾಳೆ. ‘ನಿಮ್ಮ ಪತ್ರ ಓದಿ ಎಷ್ಟೋ ದಿನದ ಮೇಲೆ ನಕ್ಕೆ, ಇನ್ನು ಮೇಲೆ ನನ್ನ ಮಗನನ್ನೂ ಸದರಿ ಮಗು ಎಂದೇ ಕರೆಯುತ್ತೇನೆ’ ಎಂದು ಒಬ್ಬ ತಾಯಿ ಬರೆದಿದ್ದರು. ಎಲ್ಲರೂ ‘ತಿಪ್ಪೇಸ್ವಾಮಿಯವರಿಗೆ ಧೈರ್ಯ ಹೇಳಿ’ ಎಂದಿದ್ದರು. ಆ ಧೈರ್ಯವನ್ನು ನಾನು ತಿಪ್ಪೇಸ್ವಾಮಿಗೆ ಮುಟ್ಟಿಸದೆ ನಾನೇ ಇಟ್ಟುಕೊಂಡೆ. ಶ್ರೀರಾಂಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಲಲಿತಮ್ಮ ಎಂಬವರ ಉತ್ತರ ಮಾತ್ರ ಬೇರೆಯಾಗಿತ್ತು. ಅವರು ವಾರಕ್ಕೊಮ್ಮೆ ಹೊಸದುರ್ಗಕ್ಕೆ ಹೋಗಿ ಗುಂಪಿನ ಪತ್ರಗಳನ್ನು ಓದುತ್ತಿದ್ದರಂತೆ. ಲೋಕಕ್ಕೆಲ್ಲ ಬಲೆ ಬೀಸಿದರೆ ಸಿಕ್ಕಿದ್ದು ಪಕ್ಕದ ತಾಲ್ಲೂಕಿನವರು. ಅವರು ಕೇಳಿದ್ದು ಒಂದೇ ಮಾತು: ‘ಆ ಮಗುವಿನ ತಾಯಿ ಹೇಗಿದ್ದಾರೆ? ನಿದ್ದೆ ಮಾಡುತ್ತಾರಾ? ಯಾರಾದರೂ ಅವರನ್ನು ಕೇಳಿದ್ದೀರಾ?’

ಯಾರೂ ಕೇಳಿರಲಿಲ್ಲ. ಅವತ್ತು ಮನೆಗೆ ಹೋದವನೇ ಗಿರಿಜಾಳನ್ನು ಕೇಳಿದೆ, ‘ನಿಂಗೆ ನಿದ್ದೆ ಸರಿಯಾಗಿ ಬರುತ್ತಾ?’

ಅವಳು ತಟ್ಟೆ ತೊಳೆಯುತ್ತಿದ್ದವಳು ತಿರುಗಿ ನೋಡಿದಳು. ‘ಯಾಕ್ರೀ, ಟ್ರಾನ್ಸ್‌ಫರ್ ಆಯ್ತಾ?’

‘ಇಲ್ಲ, ಸುಮ್ಮನೆ ಕೇಳಿದೆ.’

‘ಸುಮ್ನೆ ಕೇಳೋರಲ್ಲ ನೀವು’ ಎಂದಳು. ಇನ್ನೊಂದು ತಟ್ಟೆ ತೊಳೆದಿಟ್ಟು ‘ಇಲ್ಲ, ಬರಲ್ಲ’ ಎಂದಳು. ಅವಳ ಪಕ್ಕದಲ್ಲಿ ನಿಂತು ತೊಳೆದ ತಟ್ಟೆಗಳನ್ನು ಒರೆಸಿದೆ.

ಆಮೇಲೆ ನಸ್ರೀನ್ ಹಿರಿಯೂರಿಗೆ ಮದುವೆಗೆಂದು ಹೋಗಿ ಅಂಗಡಿಗೆ ಒಂದು ವಾರ ಬೀಗ ಬಿತ್ತು. ಆ ವಾರದಲ್ಲೇ ಲಲಿತಮ್ಮ ‘ಭಾನುವಾರ ನಾನೇ ಬಂದು ಆ ತಾಯಿಯನ್ನು ನೋಡುತ್ತೇನೆ’ ಎಂದು ಬರೆದಿದ್ದರಂತೆ. ನನಗೆ ತಿಳಿಯಲಿಲ್ಲ. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಬನಿಯನ್ನಿನಲ್ಲಿ ಪೇಪರ್ ಓದುತ್ತಿದ್ದಾಗ ಬಾಗಿಲಲ್ಲಿ ತಿಪ್ಪೇಸ್ವಾಮಿ ಬೆವರುತ್ತ ನಿಂತಿದ್ದ. ಹಿಂದೆ ಐವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಚೀಲ.

‘ಸಾರ್, ಇವ್ರು ಶ್ರೀರಾಂಪುರದೋರಂತೆ. ನನ್ ಮಗಳ್ನ ನೋಡ್ಬೇಕಂತೆ. ನಂಗೆ ಮದ್ವೇನೇ ಆಗಿಲ್ಲ ಸಾರ್’ ಎಂದ.

ಅವನ ಕಷ್ಟ ಸಣ್ಣದಲ್ಲ. ತಿಪ್ಪೇಸ್ವಾಮಿ ಎಂಟು ವರ್ಷದಿಂದ ಹೆಣ್ಣು ಹುಡುಕುತ್ತಿದ್ದ. ಬರುವ ಗುರುವಾರ ಹೊರಕೆರೆದೇವಪುರದಲ್ಲಿ ಹೆಣ್ಣು ನೋಡುವ ಶಾಸ್ತ್ರವಿತ್ತು. ಅಂಥವನು ಬಸ್ ನಿಲ್ದಾಣದ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ, ಯಾರೋ ತೋರಿಸಿಕೊಟ್ಟರೆಂದು ಲಲಿತಮ್ಮ ನೇರ ಹೋಗಿ ‘ನಿಮ್ ಮಗಳು ಹೆಂಗವ್ಳೆ?’ ಎಂದಿದ್ದರು. ಮಗಳೇ ಇಲ್ಲ ಎಂದಿದ್ದಕ್ಕೆ ಹೋಟೆಲಿನವರೆಲ್ಲ ಕೇಳುವಂತೆ ಬುದ್ಧಿ ಹೇಳಿದ್ದರು: ‘ಹಂಗನ್ಬಾರ್ದು ಕಣಪ್ಪ. ಮಾತಾಡ್ದಿದ್ರೆ ಏನಾತು, ಮಗಾ ನಿಂದೇ ಅಲ್ವಾ? ಹೆತ್ತೋರೇ ನಮ್ದಲ್ಲ ಅಂದ್ರೆ ಅದು ಯಾರ ಮಕ ನೋಡ್ಬೇಕು?’

ಅವರು ತೋರಿಸಿದ ಪತ್ರದಲ್ಲಿ ‘ನಮ್ಮ ಸಹೋದ್ಯೋಗಿ’ ಎಂದಿದ್ದದ್ದನ್ನು ಓದಿ, ಧಾಟಿ ನನ್ನದೇ ಎಂದು ಗುರುತಿಸಿ ಅವರನ್ನು ನನ್ನಲ್ಲಿಗೆ ಕರೆತಂದಿದ್ದ. ಇದನ್ನೆಲ್ಲ ತಿಪ್ಪೇಸ್ವಾಮಿ ನನಗೆ ಒಪ್ಪಿಸುತ್ತಿರುವಾಗ ನನ್ನ ತಲೆ ಒಂದು ಸುಳ್ಳನ್ನು ಕರಡು ಮಾಡುತ್ತಿತ್ತು. ಬೇರೆ ತಿಪ್ಪೇಸ್ವಾಮಿ ಇದ್ದಾನೆ, ವರ್ಗವಾಗಿ ಹೋದ ಎನ್ನೋಣವೇ? ಅಷ್ಟರಲ್ಲಿ ಲಲಿತಮ್ಮನ ಕಣ್ಣು ಹೊಸ್ತಿಲ ಬಳಿಗೆ ಹೋಯಿತು. ಅಲ್ಲಿ ನನ್ನ ಚಪ್ಪಲಿ, ಗಿರಿಜಾಳದು, ನಿವಿಯ ಎರಡು ಜೊತೆ, ದೊಡ್ಡದರಿಂದ ಚಿಕ್ಕದಕ್ಕೆ ಗೆರೆ ಎಳೆದಂತೆ ಕೂತಿದ್ದವು. ಅವರು ತಮ್ಮ ಚಪ್ಪಲಿ ಬಿಟ್ಟು, ಬಗ್ಗಿ, ನನ್ನದಕ್ಕೂ ಗಿರಿಜಾಳದಕ್ಕೂ ನಡುವೆ ಜಾಗ ಮಾಡಿ ಇಟ್ಟರು. ಒಳಗಿನಿಂದ ನಿವಿ ಓಡಿಬಂದಳು. ಪರೀಕ್ಷಿಸಿದಳು. ಲಲಿತಮ್ಮನದನ್ನು ತೆಗೆದು ಗಿರಿಜಾಳದಕ್ಕೂ ತನ್ನದಕ್ಕೂ ನಡುವೆ ಇಟ್ಟು ಒಳಗೆ ಹೋದಳು.

‘ಅರ್ಧ ಬೆರಳು ತಪ್ಪಿತ್ತು ನಂದು’ ಎಂದರು ಲಲಿತಮ್ಮ. ‘ನಮ್ಮನೇಲಿ ಹಿಂಗೇ ಡಬ್ಬಿ ಮುಚ್ಚಳ ಜೋಡ್ಸೋದು. ಮಗಂಗೆ ಹದಿನಾಲ್ಕು ವರ್ಷ, ಗಿರಣಿ ಓಡ್ತಿದ್ರೇನೇ ಮಲಗೋದು.’ ಆಮೇಲೆ ನನ್ನ ಕಡೆ ತಿರುಗಿ, ‘ನಿಮ್ ಕಾಗ್ದದಾಗಿನ ಮಗು ಇದೇ ಅಲ್ವೇನ್ರಿ?’ ಎಂದರು.

ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ‘ಯಾವ ಕಾಗ್ದ?’ ಎಂದಳು. ಲಲಿತಮ್ಮ ಚೀಲದಿಂದ ನನ್ನ ಪತ್ರದ ಪ್ರತಿ ತೆಗೆದು ಕೊಟ್ಟರು. ಅವಳು ನಿಧಾನವಾಗಿ ಓದಿದಳು. ತಿಪ್ಪೇಸ್ವಾಮಿಯ ಹೆಸರು ಬಂದ ಕಡೆ ನಿಂತಳು.

‘ನನ್ ಮಗಳ್ನ ಇವ್ರ ಹೆಸ್ರಿಗೆ ಯಾವಾಗ ಖಾತೆ ಮಾಡ್ಕೊಟ್ರಿ?’ ಎಂದಳು. ದನಿ ಏರಿರಲಿಲ್ಲ.

ನನಗೆ ಆಗ ಆದ ನಾಚಿಕೆಯನ್ನು ಮರೆಮಾಚದೆ ಹೇಳುತ್ತಿದ್ದೇನೆ. ಮೇಲಧಿಕಾರಿ ಎದುರು ತಲೆ ತಗ್ಗಿಸುವುದು ಅಭ್ಯಾಸವಾಗಿತ್ತು, ಹೆಂಡತಿ ಎದುರು ಹೀಗೆ ತಗ್ಗಿಸಿದ್ದು ಅದೇ ಮೊದಲು. ನನ್ನನ್ನು ಬಿಡಿಸಿದವನು ತಿಪ್ಪೇಸ್ವಾಮಿ. ‘ಹೋಗ್ಲಿ ಬಿಡ್ರಿ ಅಕ್ಕಾರೆ. ಇಂಥ ಮಗಳು ನಂಗಿದ್ದಿದ್ರೆ ನಾನ್ಯಾಕೆ ಬ್ಯಾಡ ಅಂತಿದ್ದೆ’ ಎಂದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ‘ಆದ್ರೆ ಸಾರ್, ಗುರುವಾರದೊಳಗೆ ಒಂದು ತಿದ್ದೋಲೆ ಹಾಕ್ಬಿಡ್ರಿ’ ಎಂದ. ಸರ್ಕಾರ ತಪ್ಪು ಮಾಡಿದಾಗ ತಪ್ಪಾಯಿತು ಎನ್ನುವುದಿಲ್ಲ, ತಿದ್ದೋಲೆ ಹೊರಡಿಸುತ್ತದೆ. ಇಂಥ ಕಡೆ ಇಂಥದ್ದೆಂದು ಇರುವುದನ್ನು ಇಂಥದ್ದೆಂದು ಓದಿಕೊಳ್ಳಿ ಎಂದರೆ ಮುಗಿಯಿತು.

ಅವತ್ತು ಲಲಿತಮ್ಮ ಸಂಜೆಯ ಬಸ್ಸಿನವರೆಗೆ ಇದ್ದರು. ಅಟ್ಟದಿಂದ ಕುಕ್ಕರ್ ಇಳಿಸಿದರು. ನಿವಿಯ ಮುಂದೆ ಮೂರು ಹುಣಸೆಬೀಜ ಇಟ್ಟು, ಕೂಗುವ ಮೊದಲೇ ‘ಈಗ ಕೂಗ್ತೈತೆ’ ಎಂದು ಹೇಳಿ, ಒಂದೊಂದು ಕೂಗಿಗೂ ಒಂದು ಬೀಜವನ್ನು ಅವಳ ಕೈಯಿಂದಲೇ ಲೋಟಕ್ಕೆ ಹಾಕಿಸಿದರು. ಮೊದಲ ಕೂಗಿಗೆ ಅಳು. ಎರಡನೆಯದಕ್ಕೂ ಅಳು, ಆದರೆ ಅಳುತ್ತಲೇ ಬೀಜ ಹಾಕಿದಳು. ಮೂರನೆಯದಕ್ಕೆ ಲೋಟ ಹಿಡಿದು ಕುಕ್ಕರಿನ ಮುಖ ನೋಡುತ್ತ ಕಾದಳು. ಪೂರ್ತಿ ಬೆಂದ ಬೇಳೆಯ ಸಾರನ್ನು ಎರಡು ವರ್ಷದ ಮೇಲೆ ಉಂಡೆವು. ಗಿರಿಜಾ ಮಾತ್ರ ಉಣ್ಣುವುದಕ್ಕಿಂತ ಹೆಚ್ಚಾಗಿ ಮಾತಾಡಿದಳು. ಅವಳೊಳಗೆ ಅಷ್ಟು ಮಾತಿತ್ತೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಮಾತಾಡದವರು ಒಬ್ಬರೇ ಎಂದುಕೊಂಡಿದ್ದೆ, ಮೂರು ಜನ ಇದ್ದೆವು.

ಸೋಮವಾರ ನಸ್ರೀನಳ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ‘ತಿದ್ದೋಲೆ’ ಎಂದೆ. ‘ಗುಂಪಿಗೆ ಬರೆದ ಪತ್ರದಲ್ಲಿ ಸಹೋದ್ಯೋಗಿ ಶ್ರೀ ತಿಪ್ಪೇಸ್ವಾಮಿ ಇವರ ಮಗಳು ಎಂದಿರುವುದನ್ನು’ ಎಂದು ಹೇಳಿ ನಿಂತೆ. ಅವಳು ಕಾದಳು. ‘ನನ್ನ ಮಗಳು ಎಂದು ಓದಿಕೊಳ್ಳತಕ್ಕದ್ದು’ ಎಂದೆ. ನಸ್ರೀನ್ ತಲೆ ತಗ್ಗಿಸಿ ಬಹಳ ಹೊತ್ತು ಹೊಡೆದಳು, ಅಷ್ಟು ಸಣ್ಣ ಪತ್ರಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಕಚೇರಿ ಮುಗಿದ ಮೇಲೆ ಅದರ ಪ್ರತಿಯನ್ನು ಗಿರಿಜಾಳ ಮುಂದೆ ಇಟ್ಟೆ. ಸ್ವಲ್ಪ ಎದೆಯುಬ್ಬಿಸಿಯೇ ಇಟ್ಟೆನೇನೋ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎರಡು ಸಲ ಓದಿದಳು.

‘ಇದ್ರಾಗೂ ತಪ್ಪೈತೆ’ ಎಂದಳು.

‘ಎಲ್ಲಿ?’

‘ನನ್ನ ಮಗಳು ಅಂತ ಬರ್ದೀರಲ್ಲ. ನಿಮಗೊಬ್ರಿಗೇ ಹುಟ್ಟಿದ್ಲಾ?’

ಮರುದಿನ ಮತ್ತೆ ಹೋಗಿ ನಸ್ರೀನಳ ಪಕ್ಕದಲ್ಲಿ ಕೂತೆ. ‘ಇನ್ನೇನಣ್ಣ?’ ಎಂದಳು. ‘ತಿದ್ದೋಲೆಗೆ ಒಂದು ತಿದ್ದೋಲೆ’ ಎಂದೆ. ಈ ಸಲ ಹೇಳುವುದು ನಾನಲ್ಲ, ನನ್ನ ಹಿಂದೆ ನಿವಿಯನ್ನು ಸೊಂಟದ ಮೇಲೆ ಹೊತ್ತು ಗಿರಿಜಾ ನಿಂತಿದ್ದಳು. ಅಂಗಡಿಯ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳೆಲ್ಲ ಆಗಲೇ ಸಾಲಾಗಿದ್ದವು. ಗಿರಿಜಾ ಮಾನ್ಯರೇ ಎನ್ನಲಿಲ್ಲ, ವಿಷಯ ಉಲ್ಲೇಖ ಯಾವುದೂ ಇಲ್ಲ. ‘ಇವಳು ನಮ್ಮ ಮಗಳು ನಿವಿ, ನಾನು ಇವಳ ತಾಯಿ ಗಿರಿಜಾ’ ಎಂದು ಶುರು ಮಾಡಿ, ನಿಲ್ಲದೆ ಎರಡು ಪುಟ ಹೇಳಿದಳು. ಕೊನೆಯಲ್ಲಿ ನನ್ನ ವಿಷಯವೂ ಒಂದು ಸಾಲು ಬಂತು: ಸದರಿ ಮಗುವಿನ ತಂದೆಗೂ ಮಾತು ತಡವಾಗಿ ಬಂದಿದ್ದು, ಈಗೀಗ ಸುಧಾರಿಸುತ್ತಿದ್ದಾರೆ.