ಬಾರದೆಯೂ ಹಾಜರಿ

ಒಂದೇ ಹೊತ್ತಿನಲ್ಲಿ ಎರಡು ಕಡೆ ಇರುವ ವಿದ್ಯೆ ದೇವರನ್ನು ಬಿಟ್ಟರೆ ಕಾಲೇಜಿನ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಗೆ ಮಾತ್ರ ಒಲಿಯುತ್ತದೆ. ಜಂಬಕ್ಕೆ ಹೇಳುತ್ತಿಲ್ಲ, ನಾನೇ ಒಂದು ವರ್ಷ ಹಾಗೆ ಬದುಕಿದವಳು. ಬಿ.ಎ. ಕೊನೆಯ ವರ್ಷದಲ್ಲಿ ನಾನು ಇತಿಹಾಸದ ತರಗತಿಯಲ್ಲಿ ಕೂತದ್ದು ಬೆರಳೆಣಿಕೆಯ ದಿನ. ಆದರೆ ಹಾಜರಿ ಪುಸ್ತಕ ತೆಗೆದು ನೋಡಿದರೆ, ದಿನಾ ಬಂದು ಮುಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಂಡ ಹುಡುಗಿಯರಿಗಿಂತ ನನ್ನ ಹಾಜರಿಯೇ ಜಾಸ್ತಿ. ಇದರ ಗುಟ್ಟು ಓ.ಡಿ. ಚೀಟಿ. ಆನ್ ಡ್ಯೂಟಿ ಎಂಬುದನ್ನು ಕಾಲೇಜುಗಳಲ್ಲಿ ಹಾಗೆ ಮೊಟಕು ಮಾಡಿ ಕರೆಯುತ್ತಾರೆ. ಕಾಲೇಜಿನ ಕೆಲಸಕ್ಕೆಂದು ತರಗತಿ ತಪ್ಪಿಸಿದವರು, ಇಂಥ ದಿನ ಇಂಥ ಕಾರ್ಯಕ್ರಮದ ಓಡಾಟದಲ್ಲಿದ್ದೆ ಎಂದು ಒಂದು ಚೀಟಿ ಬರೆದು, ಪ್ರಾಂಶುಪಾಲರ ಸಹಿ ಮಾಡಿಸಿ, ಸೀಲು ಹೊಡೆಸಿ ಕೊಟ್ಟರೆ ಸಾಕು, ಗೈರುಹಾಜರಿ ಹೋಗಿ ಹಾಜರಿಯಾಗುತ್ತದೆ. ಪಾಠ ಕೇಳದಿದ್ದರೂ ಕೇಳಿದ ಲೆಕ್ಕ. ನಾನು ಅಂಥ ಚೀಟಿಗಳನ್ನು ಬರೆದೂ ಬರೆದೂ, ಕೊನೆಕೊನೆಗೆ ಆಫೀಸಿನ ಗುಮಾಸ್ತರು ನನ್ನ ಮುಖ ಕಂಡರೆ ಮಾತೇ ಆಡದೆ ಸೀಲನ್ನು ಮುಂದಕ್ಕೆ ತಳ್ಳಿಬಿಡುತ್ತಿದ್ದರು.

ಕಾರ್ಯದರ್ಶಿಯಾಗಬೇಕೆಂದು ನಾನೇನೂ ಹರಕೆ ಹೊತ್ತಿರಲಿಲ್ಲ. ನನಗೊಂದು ರೋಗವಿದೆ. ಯಾರಾದರೂ ‘ಈ ಕೆಲಸ ಯಾರು ವಹಿಸಿಕೊಳ್ಳುತ್ತೀರಿ?’ ಎಂದು ಕೇಳಿ, ಕೂತವರೆಲ್ಲ ನೆಲ ನೋಡತೊಡಗಿದರೆ, ನನ್ನ ಬಲಗೈ ತಾನಾಗಿಯೇ ಮೇಲೇಳುತ್ತದೆ. ಹೀಗೆ ಕೈಯೆತ್ತಿ ಮೊದಲು ತರಗತಿಯ ಪ್ರತಿನಿಧಿಯಾದೆ. ಆಮೇಲೆ ಸೇವಾ ಯೋಜನೆಯ ಶಿಬಿರಕ್ಕೆ ನಾಯಕಿಯಾದೆ. ಕೊನೆಯ ವರ್ಷಕ್ಕೆ ಕಾಲಿಟ್ಟ ವಾರದಲ್ಲೇ ಸಂಘದ ಕಾರ್ಯದರ್ಶಿಯೂ ಆದೆ. ಊರಿಗೆ ಫೋನ್ ಮಾಡಿ ಅಪ್ಪನಿಗೆ ಸುದ್ದಿ ಹೇಳಿದೆ. ತಿರುಮಕೂಡಲು ಕಡೆಯ ನಮ್ಮೂರಲ್ಲಿ ಸೆಕ್ರೆಟರಿ ಎಂದರೆ ಹಾಲಿನ ಡೇರಿಯ ಸೆಕ್ರೆಟರಿ ಒಬ್ಬನೇ. ಅಪ್ಪ ತುಸು ಹೊತ್ತು ಯೋಚಿಸಿ, ನಿಮ್ಮ ಕಾಲೇಜಿಗೆ ಹಾಲು ಹಾಕುವವರು ಯಾರು ಎಂದು ಕೇಳಿದರು. ಇದು ಬೇರೆ ಸೆಕ್ರೆಟರಿ, ಹಾಲು ಗೀಲು ಏನಿಲ್ಲ ಎಂದು ಬಿಡಿಸಿ ಹೇಳಿದ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ. ಏನೇ ಆಗಲಿ, ಬೆಳಗ್ಗೆ ಬೇಗ ಏಳು ಎಂದು ಹೇಳಿ ಫೋನಿಟ್ಟರು.

ಈಗ ರೋಹಿಣಿಯ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಿ ಬಳಸಿ ಮಾತಾಡಿದ್ದೇ ಅವಳ ಮಾತನ್ನು ಆದಷ್ಟು ಮುಂದೂಡೋಣ ಎಂದು. ಮೊದಲ ವರ್ಷ ಸರಸ್ವತಿಪುರಂನ ಹಾಸ್ಟೆಲಿಗೆ ಬಂದಿಳಿದಾಗ ನನಗೆ ಮೈಸೂರಿನಲ್ಲಿ ಗೊತ್ತಿದ್ದದ್ದು ಬಸ್ ಸ್ಟ್ಯಾಂಡು, ಅರಮನೆ ಎರಡೇ. ತರಗತಿಯಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಟ್ಟವಳು ರೋಹಿಣಿ. ಕೃಷ್ಣಮೂರ್ತಿಪುರಂನವಳು. ಅವರ ಮುತ್ತಜ್ಜ ಅರಮನೆಯಲ್ಲಿ ಕಡತ ಬರೆಯುತ್ತಿದ್ದರಂತೆ, ಅದಕ್ಕೋ ಏನೋ ಅವಳ ಅಕ್ಷರ ಅಷ್ಟು ಮುದ್ದು. ಚಿಕ್ಕಂದಿನಿಂದ ವೀಣೆ ಕಲಿತವಳು, ಮಾತು ಕಮ್ಮಿ. ನಮ್ಮ ಜೊತೆಗೆ ಮೂರನೆಯವನು ಮಂಜ. ಬನ್ನಿಮಂಟಪದಲ್ಲಿ ಅವರಪ್ಪನಿಗೆ ಟೈರ್ ಅಂಗಡಿ, ಇವನಿಗೆ ಸದಾ ಹಸಿವು. ಶನಿವಾರ ಅರ್ಧ ದಿನ ಕಾಲೇಜು ಮುಗಿಸಿ ಮೂವರೂ ನಡೆದುಕೊಂಡು ರೋಹಿಣಿಯ ಮನೆಗೆ ಹೋಗುವುದು, ಅವಳ ಅಮ್ಮ ಬಡಿಸಿದ ಈರನಗೆರೆ ಬದನೆಕಾಯಿ ಎಣ್ಣೆಗಾಯಿ, ಅನ್ನ, ಮಜ್ಜಿಗೆಹುಳಿ ಊಟ ಮಾಡುವುದು, ಆಮೇಲೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಸಂಜೆ ತನಕ ಸುಮ್ಮನೆ ಬಿದ್ದಿರುವುದು. ಏನು ಮಾತಾಡುತ್ತಿದ್ದೆವು ಎಂದು ಈಗ ಯಾರಾದರೂ ಕೇಳಿದರೆ ಒಂದೂ ನೆನಪಿಲ್ಲ. ಎರಡು ವರ್ಷ ಒಂದು ಶನಿವಾರವೂ ತಪ್ಪಿಸಲಿಲ್ಲ ಎಂಬುದು ಮಾತ್ರ ನೆನಪಿದೆ.

ಮೂರನೆಯ ವರ್ಷ ಶನಿವಾರವೇ ನನ್ನ ಸಭೆಗಳ ದಿನವಾಯಿತು. ಅರ್ಧ ದಿನ ಕಾಲೇಜು ಎಂದರೆ ಉಳಿದರ್ಧ ದಿನ ಮೀಟಿಂಗು ಎಂದು ಯಾವ ಪುಣ್ಯಾತ್ಮ ಕಂಡುಹಿಡಿದನೋ. ನೀವು ಹೋಗುತ್ತಿರಿ, ಐದು ನಿಮಿಷದಲ್ಲಿ ಬಂದೆ ಎಂದು ಇಬ್ಬರನ್ನೂ ಕಳಿಸುತ್ತಿದ್ದೆ. ನನ್ನ ಐದು ನಿಮಿಷಕ್ಕೆ ಹೊತ್ತು ಮುಳುಗುತ್ತಿತ್ತು. ಸೋಮವಾರ ಬೆಳಗ್ಗೆ ಮಂಜ ಬಂದು, ನಿನ್ನ ಪಾಲಿನದನ್ನೂ ನಾನೇ ತಿಂದೆ ಎಂದು ವರದಿ ಒಪ್ಪಿಸುತ್ತಿದ್ದ. ರೋಹಿಣಿ ಮಾತ್ರ ನಾನು ತಪ್ಪಿಸಿದ ಪಾಠಗಳನ್ನೆಲ್ಲ ಫೋಟೋ ತೆಗೆದು ಕಳಿಸುತ್ತಿದ್ದಳು. ನಾನು ಪಾಸಾದದ್ದು ಆ ಮುದ್ದಾದ ಅಕ್ಷರದ ಪುಣ್ಯ. ನನಗೂ ಒಳಗೊಳಗೇ ಚುಚ್ಚುತ್ತಿತ್ತು. ಎಲ್ಲವನ್ನೂ ತೂಗಿಸಿಕೊಂಡು ಹೋಗಬೇಕೆಂದು ಒಂದು ವೇಳಾಪಟ್ಟಿ ಬರೆದು ಡೈರಿಗೆ ಅಂಟಿಸಿದೆ. ಅದರಲ್ಲಿ ಪಾಠಕ್ಕೆ ಹಸಿರು, ಸಂಘಕ್ಕೆ ಕೆಂಪು, ಶನಿವಾರ ಒಂದೂವರೆಯಿಂದ ಎರಡೂಕಾಲಿನ ತನಕ ನೀಲಿ ಬಣ್ಣದಲ್ಲಿ ‘ಸ್ನೇಹಿತರು’ ಎಂದು ಬರೆದಿದ್ದೆ. ರೋಹಿಣಿ ಅದನ್ನು ನೋಡಿ, ಮುಕ್ಕಾಲು ಗಂಟೆ ಕೊಟ್ಟಿದ್ದೀಯಲ್ಲ, ದೊಡ್ಡ ಮನಸ್ಸು ಕಣೇ ಎಂದು ನಕ್ಕಳು. ನಾನೂ ನಕ್ಕೆ. ಅವಳು ನಕ್ಕದ್ದರಲ್ಲಿ ಎಷ್ಟು ಪಾಲು ನಗು ಎಂದು ಯೋಚಿಸುವಷ್ಟು ಪುರುಸೊತ್ತು ನನಗಿರಲಿಲ್ಲ.

ಗಣಪತಿ ಹಬ್ಬ ಬಂತು. ರೋಹಿಣಿಯ ಬೀದಿಯವರು ಗಣಪತಿ ಕೂರಿಸಿ, ಒಂದು ಸಂಜೆ ಅವಳ ವೀಣೆ ಕಛೇರಿ ಇಟ್ಟುಕೊಂಡಿದ್ದರು. ಒಬ್ಬಳೇ ವೇದಿಕೆಯಲ್ಲಿ ಕೂತು ಒಂದು ಗಂಟೆ ನುಡಿಸುವುದು ಅವಳಿಗೆ ಅದೇ ಮೊದಲು. ಅಪರಿಚಿತರ ಮುಖ ಕಂಡರೆ ಅವಳಿಗೆ ಬೆರಳು ನಡುಗುತ್ತದೆ. ನೀನು ಎದುರಿಗೇ ಮೊದಲನೇ ಸಾಲಿನಲ್ಲಿ ಕೂತಿರು, ನಿನ್ನ ಮುಖ ನೋಡಿಕೊಂಡು ನುಡಿಸಿಬಿಡುತ್ತೇನೆ ಎಂದು ಕೇಳಿಕೊಂಡಿದ್ದಳು. ಮೂರು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ. ಗ್ಯಾರಂಟಿ ಬರ್ತೀನಿ ಎಂದು ಕೈ ಮೇಲೆ ಕೈಯಿಟ್ಟು ಹೇಳಿದ್ದೆ. ಅವತ್ತೇ ಮಧ್ಯಾಹ್ನ ಮೂರಕ್ಕೆ ನಮ್ಮ ಸಂಘದ ಉದ್ಘಾಟನೆ. ಐದಕ್ಕೆ ಮುಗಿಯುತ್ತದೆ, ಆರೂವರೆಗೆ ಕಛೇರಿ, ನಡುವೆ ಸೀರೆ ಉಟ್ಟುಕೊಳ್ಳುವುದಕ್ಕೂ ಸಮಯ ಉಂಟು ಎಂದು ಲೆಕ್ಕ ಹಾಕಿದ್ದೆ. ಮುಖ್ಯ ಅತಿಥಿಗಳು ಬಂದದ್ದೇ ಐದೂ ಕಾಲಿಗೆ. ಬಂದವರಿಗೆ ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಅವರ ತಲೆ ದೊಡ್ಡದು, ನಾವು ತಂದಿಟ್ಟಿದ್ದ ಪೇಟ ಚಿಕ್ಕದು. ಭಾಷಣಕ್ಕೆ ಮೊದಲೇ ಒಮ್ಮೆ ಹಿಡಿದು ನೋಡಿದರೆ ನೆತ್ತಿಯ ಮೇಲೆ ಕೂತಿತೇ ಹೊರತು ಒಳಕ್ಕೆ ಇಳಿಯಲಿಲ್ಲ. ಬೇರೆ ಪೇಟ ಯಾರು ತರುತ್ತೀರಿ ಎಂದು ಪ್ರಾಂಶುಪಾಲರು ಕೇಳಿದರು. ಸಂಘದ ಪದಾಧಿಕಾರಿಗಳೆಲ್ಲ ನೆಲ ನೋಡಿದರು. ಮುಂದಿನದು ನಿಮಗೇ ಗೊತ್ತಿದೆ.

ಅಂಗಡಿ ಅಂಗಡಿ ಸುತ್ತಿ, ಆ ತಲೆಗೆ ಒಪ್ಪುವ ಪೇಟ ತಂದು, ಸನ್ಮಾನ ಮುಗಿಸಿ, ವಂದನಾರ್ಪಣೆ ಮಾಡಿ, ಆಟೋ ಹಿಡಿದು ಕೃಷ್ಣಮೂರ್ತಿಪುರಂಗೆ ಬಂದು ಇಳಿದಾಗ ಮೈಕ್‌ಸೆಟ್‌ನವರು ವೈರು ಸುತ್ತುತ್ತಿದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಮೊದಲ ಸಾಲಿನಲ್ಲಿ ಒಂದು ಕುರ್ಚಿಯನ್ನು ಮಾತ್ರ ಇನ್ನೂ ತೆಗೆದಿರಲಿಲ್ಲ, ಅದರ ಮೇಲೆ ರೋಹಿಣಿಯ ಅಮ್ಮನ ಕೈಚೀಲ ಇತ್ತು. ಯಾರೂ ಕೂರದ ಹಾಗೆ ನನಗಾಗಿ ಇಟ್ಟಿದ್ದ ಜಾಗ. ಮೊದಲಿಗೆ ಬೆರಳು ನಡುಗಿತಂತೆ, ಎರಡು ಸಲ ನಿಲ್ಲಿಸಿದಳಂತೆ, ಆಮೇಲೆ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ನುಡಿಸಿದಳಂತೆ. ಎಲ್ಲ ಅಂತೆಗಳೇ. ನನಗೆ ಅವತ್ತು ದಕ್ಕಿದ್ದು ಪ್ರಸಾದದ ಕಡಲೆಕಾಳು ಮಾತ್ರ.

ಮರುದಿನ ಕಾಲೇಜಿನಲ್ಲಿ ಅತಿಥಿ ತಡವಾದದ್ದು, ಪೇಟ ಹಿಡಿಸದೆ ಹೋದದ್ದು ಎಲ್ಲ ಒಂದೇ ಉಸಿರಿಗೆ ಹೇಳಿದೆ. ರೋಹಿಣಿ ಪೂರ್ತಿ ಕೇಳಿಸಿಕೊಂಡಳು. “ಪರ್ವಾಗಿಲ್ಲ ಬಿಡೇ ಭಾಗಿ. ನಂಗೂ ಒಂದು ಓ.ಡಿ. ಚೀಟಿ ಕೊಟ್ಬುಡು. ನೀನು ಬಂದಿದ್ದೆ ಅಂತಲೇ ಬರ್ಕೋತೀನಿ” ಎಂದಳು. ಬುದ್ಧಿ ಇದ್ದವರು ಅಲ್ಲಿಗೆ ತಲೆ ತಗ್ಗಿಸಿ ಒಂದು ಮಾತು ತಪ್ಪಾಯಿತು ಎನ್ನುತ್ತಿದ್ದರು. ನಾನು ಕಾರ್ಯದರ್ಶಿ. ಅವಳು ತಮಾಷೆ ಮಾಡಿದಳು, ತಮಾಷೆಗೆ ತಮಾಷೆಯಿಂದಲೇ ರಾಜಿಯಾಗೋಣ ಎಂದುಕೊಂಡು ಸಂಘದ ಲೆಟರ್‌ಹೆಡ್ಡಿನಲ್ಲಿ ನಿಜವಾಗಿಯೂ ಒಂದು ಚೀಟಿ ಬರೆದೆ. ಕುಮಾರಿ ಭಾಗ್ಯ ಇವರು ಸಂಘದ ಕರ್ತವ್ಯದ ನಿಮಿತ್ತ ತಮ್ಮ ವೀಣಾ ಕಛೇರಿಗೆ ಹಾಜರಾಗಲು ಸಾಧ್ಯವಾಗಿರುವುದಿಲ್ಲ, ಆದುದರಿಂದ ದಯಮಾಡಿ ಹಾಜರಾತಿ ನೀಡಬೇಕಾಗಿ ವಿನಂತಿ. ಕೆಳಗೆ ನನ್ನ ಸಹಿ, ಸಹಿಯ ಪಕ್ಕ ಸೀಲು. ಅವಳ ಕೈಗೆ ಕೊಟ್ಟು, ನಗುತ್ತಾಳೆ ಎಂದು ಕಾದು ನಿಂತೆ. ಅವಳು ಎರಡು ಸಲ ಓದಿದಳು. ಸೀಲು ಬೇರೆ ಹಾಕಿದ್ದೀಯ ಎಂದು ಮೆಲ್ಲಗೆ ಹೇಳಿ, ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟುಕೊಂಡು ತರಗತಿಗೆ ಹೋದಳು. ಮಂಜ ನನ್ನನ್ನೇ ದಿಟ್ಟಿಸಿ ನೋಡಿದ. “ಅಲ್ಲ ಕಣಮ್ಮಿ, ಸೀಲ್ ಒಡ್ಕೊಂಡ್ ಬರಕ್ಕೆ ನಿಂಗೆ ಎಂಗಾರ ಮನ್ಸು ಬಂತು? ತಪ್ಪಾಯ್ತು ಅನ್ನಕ್ಕೆ ಬಾಯಿರ್ನಿಲ್ವಾ?” ಎಂದ. ಸದಾ ನಗುವ ಹುಡುಗ ಅವನು, ಅವತ್ತು ನಗಲಿಲ್ಲ.

ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ನಮ್ಮೂರಲ್ಲಿ ಹೆಂಗಸರು ಬೀದಿ ನಲ್ಲಿ ಹತ್ತಿರ ಕಿತ್ತಾಡಿ ಸಂಜೆಗೆ ಒಬ್ಬರ ತಲೆಯನ್ನೊಬ್ಬರು ಬಾಚುತ್ತಾರೆ. ರೋಹಿಣಿ ಜಗಳವಾಡಲಿಲ್ಲ, ಮರ್ಯಾದೆ ಕೊಡತೊಡಗಿದಳು. ಭಾಗಿ ಹೋಗಿ ಭಾಗ್ಯ ಆದೆ. ನೋಟ್ಸಿನ ಫೋಟೋ ತಪ್ಪದೆ ಬರುತ್ತಿತ್ತು, ಆದರೆ ಅದರ ಕೆಳಗೆ ಒಂದು ಮಾತೂ ಇರುತ್ತಿರಲಿಲ್ಲ. ಶನಿವಾರ ಬಾ ಎಂದು ಕರೆಯುವುದನ್ನೂ ನಿಲ್ಲಿಸಿದಳು. ಕರೆಯದೆ ಹೋಗಲು ನನಗೆ ಮುಖವಿರಲಿಲ್ಲ. ಮುಂದಿನ ವಾರ ಸರಿ ಮಾಡುತ್ತೇನೆ, ಕ್ರೀಡಾಕೂಟ ಮುಗಿಯಲಿ, ಶಿಬಿರ ಮುಗಿಯಲಿ, ವಾರ್ಷಿಕೋತ್ಸವ ಒಂದು ಮುಗಿದುಬಿಡಲಿ ಎಂದುಕೊಳ್ಳುತ್ತಿರುವಾಗಲೇ ವರ್ಷವೇ ಮುಗಿದುಹೋಯಿತು. ಪರೀಕ್ಷೆ ಬರೆದೆವು. ಅವಳು ಸಂಗೀತದಲ್ಲಿ ಎಂ.ಎ. ಮಾಡಲು ಧಾರವಾಡಕ್ಕೆ ಹೊರಟಳು. ರೈಲಿಗೆ ಹತ್ತಿಸಲು ಮಂಜ ಹೋಗಿದ್ದ. ನನಗೆ ಹೊರಟದ್ದು ಗೊತ್ತಾದದ್ದು ಅವಳು ಹೋದ ಮೂರು ದಿನಕ್ಕೆ.

ನಾನು ಮೈಸೂರಿನಲ್ಲೇ ಎಂ.ಎ.ಗೆ ಸೇರಿದೆ. ಇಲ್ಲಿ ನಾನು ಯಾವುದಕ್ಕೂ ಕಾರ್ಯದರ್ಶಿಯಲ್ಲ, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೇ ಕೂರುತ್ತೇನೆ. ಶನಿವಾರಗಳು ಖಾಲಿ. ಖಾಲಿ ಶನಿವಾರದ ಮಧ್ಯಾಹ್ನ ಎಷ್ಟು ಉದ್ದ ಎಂದು ನನಗೆ ಗೊತ್ತೇ ಇರಲಿಲ್ಲ. ಒಂದು ದಿನ ತಡೆಯಲಾರದೆ ಊರಿಂದ ಬಂದಿದ್ದ ತೆಂಗಿನಕಾಯಿ ಹಿಡಿದುಕೊಂಡು ರೋಹಿಣಿಯ ಮನೆಗೆ ಹೋದೆ. ಬಾಗಿಲು ತೆಗೆದ ಅವಳ ಅಮ್ಮ, ನಮ್ಮ ಪಾಲಿನ ಆಂಟಿ, ಏನೊಂದೂ ಕೇಳದೆ ತಟ್ಟೆ ಹಾಕಿದರು. ಅಂದಿನಿಂದ ಪ್ರತಿ ಶನಿವಾರ ಹೋಗುತ್ತೇನೆ. ಊಟ ಮಾಡಿ ಅದೇ ನಡುಮನೆಯಲ್ಲಿ ಕೂರುತ್ತೇನೆ. ಮಾತಾಡುವವರಿಲ್ಲ. ನನಗಿರುವ ಆಸೆ ಒಂದೇ, ಅವಳು ಒಮ್ಮೆ ಊರಿಗೆ ಬರಬೇಕು, ಅವತ್ತು ತಪ್ಪಿದ ಆ ಒಂದು ಗಂಟೆಯ ವೀಣೆಯನ್ನು ನಾನು ಎದುರಿಗೆ ಕೂತು ಕೇಳಬೇಕು, ಸೀಲಿಲ್ಲದೆ ತಪ್ಪಾಯಿತು ಅನ್ನಬೇಕು.

ಕಳೆದ ಶನಿವಾರ ನಾನು ಊಟಕ್ಕೆ ಕೂತಿರುವಾಗಲೇ ರೋಹಿಣಿ ಅಮ್ಮನಿಗೆ ಫೋನ್ ಮಾಡಿದಳು. ಆಂಟಿ ಅವಳಿಗೆ, ಭಾಗ್ಯ ಬಂದಿದ್ದಾಳೆ, ಮಾತಾಡು ಎಂದು ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟು ಮಜ್ಜಿಗೆ ಕಡೆಯಲು ಒಳಗೆ ಹೋದರು. ಆ ಕಡೆಯಿಂದ ರೋಹಿಣಿ, “ಭಾಗೀ, ಚೆನ್ನಾಗಿದೀಯೇನೇ?” ಎಂದಳು. ನನಗೆ ಅಳುವೇ ಬಂತು. ಒಂದು ವರ್ಷದ ಮೇಲೆ ಮತ್ತೆ ಭಾಗಿಯಾಗಿದ್ದೆ. ದಸರಾ ರಜಕ್ಕೆ ಬರಬೇಕು ಅಂತಿದ್ದೇನೆ, ಬೊಂಬೆ ಕೂರಿಸಿದಾಗ ಅದರ ಮುಂದೆ ನುಡಿಸುತ್ತೇನೆ, ನೀನೂ ಬಾ ಎಂದಳು. ಎಡಗೈಯ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ. ಅವಳೇ ಮುಂದುವರಿಸಿದಳು. ಆದರೆ ಇಲ್ಲಿ ರಜದಲ್ಲೇ ಒಂದು ಸಂಗೀತ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ, ಅದರ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದ್ದಾರೆ, ನನಗೆ ಇದೆಲ್ಲ ಬರಲ್ಲ ಕಣೇ, ಆಗಲ್ಲ ಅಂತ ಹೇಳಿ ಬಂದುಬಿಡಲಾ ಎಂದು ಯೋಚಿಸುತ್ತಿದ್ದೇನೆ, ನೀನೇನು ಹೇಳುತ್ತೀಯ ಎಂದಳು.

ಬಂದುಬಿಡು. ಇಷ್ಟೇ ಹೇಳಬೇಕಿದ್ದದ್ದು. ನಾಲ್ಕೇ ಅಕ್ಷರ, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕಾರ್ಯಕ್ರಮ, ಜವಾಬ್ದಾರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನೊಳಗೆ ಇಷ್ಟು ದಿನ ಮಲಗಿದ್ದವಳು ಎದ್ದು ಕೂತಳು. ಸಭಾಂಗಣಕ್ಕೆ ಹೇಳಿ ಆಯಿತಾ ಎಂದು ಕೇಳಿದೆ. ಇಲ್ಲ ಎಂದಳು. ಮೈಕ್‌ನವರು? ಇಲ್ಲ. ಆಮಂತ್ರಣ ಪತ್ರಿಕೆ? ಇನ್ನೂ ಇಲ್ಲ. ಅಯ್ಯೋ, ಇದೇನು ಮಹಾ ಎಂದು ಶುರು ಮಾಡಿದೆ ನೋಡಿ. ಯಾರಿಗೆ ಯಾವ ಕೆಲಸ ಹಂಚಬೇಕು, ಅತಿಥಿಗೆ ಒಂದು ಗಂಟೆ ಮುಂಚಿನ ಸಮಯವನ್ನೇ ಯಾಕೆ ಹೇಳಬೇಕು, ಪೇಟ ತರುವ ಮೊದಲು ತಲೆಯ ಅಳತೆ ಹೇಗೆ ತಿಳಿದುಕೊಳ್ಳಬೇಕು, ಎಲ್ಲವನ್ನೂ ಎಂಜಲು ಕೈ ಒಣಗುವ ತನಕ ಹೇಳಿಕೊಟ್ಟೆ. ರೋಹಿಣಿ ಅಲ್ಲಿ ಬರೆದುಕೊಳ್ಳುತ್ತಿದ್ದಳು. ಕೊನೆಗೆ ಅವಳ ದನಿಯಲ್ಲಿ ಧೈರ್ಯ ಬಂದಿತ್ತು. ನೀನು ಹೇಳಿದ ಮೇಲೆ ಮಾಡಬಹುದು ಅನ್ನಿಸುತ್ತಿದೆ, ಹಾಗಾದರೆ ಒಪ್ಪಿಕೊಂಡೇಬಿಡುತ್ತೇನೆ, ಈ ಸಲ ಹಬ್ಬಕ್ಕೆ ಬರುವುದಿಲ್ಲ ಎಂದಳು. ಭೇಷ್ ಎಂದೆ. ಹೌದು, ನಾನೇ ಭೇಷ್ ಎಂದೆ.

ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಏನೋ ಸಾಧಿಸಿದ ಖುಷಿಯಲ್ಲೇ ಇದ್ದೆ. ಆಂಟಿ ಮಜ್ಜಿಗೆ ಪಾತ್ರೆ ಹಿಡಿದುಕೊಂಡು ಬಂದರು. ಬೊಂಬೆಯ ಪೆಟ್ಟಿಗೆಗಳನ್ನು ಆಗಲೇ ಅಟ್ಟದಿಂದ ಇಳಿಸಿ ಗೋಡೆಗೆ ಒರಗಿಸಿ ಇಟ್ಟಿದ್ದರು. “ಏನಂದ್ಳು ಕಣಮ್ಮ? ಹಬ್ಬಕ್ಕೆ ಬರ್ತಾಳಂತಾ?” ಎಂದು ಕೇಳಿದರು. ತಟ್ಟೆ ನೋಡಿಕೊಂಡು, ಇಲ್ಲವಂತೆ ಆಂಟಿ, ಅಲ್ಲೇನೋ ಕಾರ್ಯಕ್ರಮ ಇದೆಯಂತೆ ಎಂದೆ. ಅವರ ಮುಖ ಸಣ್ಣಗಾಯಿತು. “ಅಯ್ಯೋ, ಪಾಪದ್ದು, ಇಲ್ಲ ಅನ್ನೋಕೆ ಬರಲ್ಲ ಅದಕ್ಕೆ. ಯಾವ ಪುಣ್ಯಾತ್ಗಿತ್ತಿ ಒಪ್ಪಿಸಿದ್ಳೋ” ಎಂದರು. ಯಾರೋ ಇರಬಹುದು ಆಂಟಿ ಎಂದು ಹೇಳಿ, ಇನ್ನೊಂದು ಹಿಡಿ ಅನ್ನ ಹಾಕಿಸಿಕೊಂಡೆ.